ಉದ್ಘಾಟನೆಗೆ ಬಂದವರೆಲ್ಲ ಗಿರಾಕಿಗಳಲ್ಲ

ಮುಂಬಯಿ ಮಹಾನಗರ ಹಾಗೂ ಉಪನಗರಗಳಲ್ಲಿ ನಮ್ಮ ತುಳು-ಕನ್ನಡಿಗ ಯುವಕ ಯುವತಿಯರು ಹೋಟೇಲು ಬಿಟ್ಟು ಬೇರೆ ಉದ್ಯಮಗಳಿಗೂ ಇಳಿಯುತ್ತಿರುವುದು ಸಂತೋಷದ ವಿಷಯ. ಕೇಕ್ ಅಂಗಡಿ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ ಹೀಗೆ ಒಂದಲ್ಲ ಒಂದು ತೆರೆಯುತ್ತಲೇ ಇದೆ. ಉದ್ಘಾಟನೆಯ ದಿನ ಸಂಘ-ಸಂಸ್ಥೆಗಳ ಪದಾಧಿಕಾರಿಗಳು ಆಗಮಿಸಿ ದೀಪ ಬೆಳಗಿಸಿ ಶುಭ ಹಾರೈಸುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅಂಗಡಿಯೊಳಗೆ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿರುವ ನಮ್ಮಂಥವರಿಗೆ ಇದು ಚಾಲ್ತಿ ಖಾತೆಯಲ್ಲೇ ಕಾಣುತ್ತದೆ. ಮೊದಲು ದಿನನಿತ್ಯ ಜಮೆ, ಅನಂತರ ವಾರಕ್ಕೊಮ್ಮೆ, ಕೊನೆಗೆ ಕಂತು ತುಂಬಲು ಅಪ್ಪನ ಉಳಿತಾಯ ಖಾತೆಯಿಂದ ಹಣ.

ಆಗ ಕೇಳಿಬರುವ ದೂರು ಎರಡು. ಜನರಿಗೆ ಆಸಕ್ತಿಯಿಲ್ಲ ಎಂಬುದೊಂದು, ನಮ್ಮವರೇ ಬೆಂಬಲಿಸುವುದಿಲ್ಲ ಎಂಬುದು ಇನ್ನೊಂದು. ಆದರೆ ದಹಿಸರ್‌ನಲ್ಲಿರುವ ಸಮಾಜ ಬಾಂಧವರು ಅರ್ಧ ಕಿಲೋ ಕೇಕಿಗಾಗಿ ಲೋಕಲ್ ಬದಲಿಸಿ ಡೊಂಬಿವಲಿಗೆ ಬರಬೇಕೆಂದು ನಿರೀಕ್ಷಿಸುವುದು ನ್ಯಾಯವೇ? ಬಂದವರಲ್ಲೂ ಕೆಲವರು ರಿಯಾಯಿತಿ ಕೇಳುತ್ತಾರೆ, ಕೆಲವರು ಉದ್ರಿ ಕೇಳುತ್ತಾರೆ. (ಇದನ್ನು ಬರೆದುದಕ್ಕೆ ಯಾರೂ ಬೇಸರಿಸಬಾರದು.) ಸ್ಮರಣ ಸಂಚಿಕೆಗೆ ಕೊಡುವ ಜಾಹೀರಾತು ಸಂಘದ ಮೇಲಿನ ಅಭಿಮಾನಕ್ಕೆ, ಅದರಿಂದ ಗಿರಾಕಿ ಬರುತ್ತಾರೆಂದು ಲೆಕ್ಕ ಹಾಕಬಾರದು. ಗಿರಾಕಿ ಇರುವುದು ಅಂಗಡಿಯಿಂದ ಹತ್ತು ನಿಮಿಷದ ನಡಿಗೆಯಲ್ಲಿ. ಅವರು ಮರಾಠಿಗರೋ ಗುಜರಾತಿಗಳೋ, ಯಾರಾದರೂ ಆಗಿರಬಹುದು.

ಅವರಿಗೂ ಆಸಕ್ತಿ ಇಲ್ಲದಿದ್ದರೆ? ಇಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮಿನ ದಿ. ರಘುನಂದನ್ ಕಾಮತ್ ಅವರನ್ನು ನೆನೆಯಬೇಕು. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗನಾದ ಅವರು 1984ರಲ್ಲಿ ಜುಹುವಿನಲ್ಲಿ ಸಣ್ಣ ಅಂಗಡಿ ತೆರೆದಾಗ, ಬರೇ ಐಸ್‌ಕ್ರೀಂ ತಿನ್ನಲು ಜನ ಬರುವರೆಂಬ ಖಾತ್ರಿ ಇರಲಿಲ್ಲ. ಹಾಗಾಗಿ ಪಾವ್‌ಭಾಜಿಯನ್ನೂ ಮಾರಿದರು. ಪಾವ್‌ಭಾಜಿ ಮುಂಬಯಿಗೆ ಹೇಳಿಕೊಡಬೇಕಾದ ತಿಂಡಿಯಲ್ಲ, ಜನ ಅದಕ್ಕಾಗಿ ಬಂದರು. ಖಾರ ತಿಂದ ನಾಲಿಗೆಗೆ ತಣ್ಣನೆಯ ಸಿಹಿ ಬೇಕೆನಿಸಿತು, ಹಣ್ಣಿನ ಐಸ್‌ಕ್ರೀಮಿನ ರುಚಿ ಹತ್ತಿತು. ಐಸ್‌ಕ್ರೀಮಿಗೇ ಗಿರಾಕಿಗಳು ಬರತೊಡಗಿದ ಮೇಲೆ ಪಾವ್‌ಭಾಜಿ ನಿಲ್ಲಿಸಿದರು. 2024ರ ಮೇ ತಿಂಗಳಲ್ಲಿ ಅವರು ನಿಧನರಾದಾಗ ಎಲ್ಲರೂ ಅವರ ಐಸ್‌ಕ್ರೀಮನ್ನು ಹೊಗಳಿದರು. ನಮ್ಮ ಯುವಕರು ಗಮನಿಸಬೇಕಾದುದು ಆ ಪಾವ್‌ಭಾಜಿಯನ್ನು ಎಂದು ನನ್ನ ಅಭಿಪ್ರಾಯ.

ಒಂದು ಕುಟುಂಬಕ್ಕೆ ಕೇಕ್ ಬೇಕಾಗುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ. ಬ್ರೆಡ್, ಪಾವ್ ಬೇಕಾಗುವುದು ಪ್ರತಿದಿನ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದು ಬಿಸಿ ಪಾವ್ ಮಾರಿದರೆ ಅದರಲ್ಲಿ ಲಾಭ ಅಷ್ಟಕ್ಕಷ್ಟೇ ಇರಬಹುದು. ಆದರೆ ಕಟ್ಟಡದ ಮಕ್ಕಳ ಹುಟ್ಟುಹಬ್ಬ ಬಂದಾಗ ಅಮ್ಮಂದಿರಿಗೆ ಮೊದಲು ನೆನಪಾಗುವುದು ದಿನವೂ ಮೆಟ್ಟಿಲು ಹತ್ತುವ ಆ ಅಂಗಡಿಯೇ. ಕೇಕ್ ಮಾಡಲು ಕಲಿತು ಬಂದ ನಾನು ಪಾವ್ ಮಾರುವುದೇ ಎಂಬ ಬಿಗುಮಾನ ಬೇಡ.

ಈ ಅಭ್ಯಾಸ ಬೆಳೆಯಲು ತಿಂಗಳುಗಳೇ ಬೇಕು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 'ಶಿಶು' ಸಾಲ 50,000 ರೂಪಾಯಿ ತನಕ, 'ಕಿಶೋರ' 5 ಲಕ್ಷದ ತನಕ ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ಗಾಜಿನ ಬಾಗಿಲು, ಮಿನುಗುವ ಬೋರ್ಡಿಗೇ ಮುಗಿಸಿದರೆ ಅಲ್ಲಿಯ ತನಕ ಬಾಡಿಗೆ ಕಟ್ಟುವುದು ಯಾವುದರಿಂದ? ಕನಿಷ್ಠ ಆರು ತಿಂಗಳ ಬಾಡಿಗೆ, ಲೈಟ್ ಬಿಲ್ಲಿನ ಹಣ ತೆಗೆದಿಟ್ಟೇ ಬಣ್ಣ ಬಳಿಸುವುದು ಒಳ್ಳೆಯದು.

ಇನ್ನು ಸಂಘ-ಸಂಸ್ಥೆಗಳಿಗೆ ಒಂದು ವಿನಂತಿ. ಯುವ ಉದ್ಯಮಿಗೆ ಶಾಲು ಹೊದಿಸಿ ಗೌರವಿಸುವುದು ಇದ್ದೇ ಇದೆ. ಅದರ ಜೊತೆಗೆ ಸ್ಥಳೀಯ ಸಮಿತಿಯ ಮಾಸಿಕ ಸಭೆಯ ಉಪಾಹಾರವನ್ನು ಹತ್ತಿರದಲ್ಲೇ ಇರುವ ಅಂಥವರ ಅಂಗಡಿಯಿಂದ ತರಿಸಲಿ, ಪೂರ್ತಿ ದರ ಕೊಟ್ಟು, ಬಿಲ್ಲು ಪಡೆದು.