ಬಚ್ಚಲು ಮನೆಯ ಬಿಸಿನೀರು ಮತ್ತು ತಿಂಗಳ ಕಂತಿನ ಲೆಕ್ಕ

ಶ್ರೀರಂಗಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅರಕೆರೆಯ ಸುತ್ತಮುತ್ತ ಕಬ್ಬು, ಭತ್ತ, ತೆಂಗನ್ನು ನಂಬಿದ ಮನೆಗಳಲ್ಲಿ ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದರೊಂದಿಗೇ ದಿನ ಆರಂಭಿಸುವ ಪದ್ಧತಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ತೆಂಗಿನ ಗರಿ, ಒಣಗಿದ ಸೋಗೆ, ಹಿಪ್ಪುನೇರಳೆ ಕಡ್ಡಿ ಮುಂತಾದ ಉರುವಲು ಹೊಲದಿಂದಲೇ ಬರುತ್ತದೆ. ಅದನ್ನು ಕಡಿದು, ಒಣಗಿಸಿ, ಹೊತ್ತು ತಂದು, ಹೊಗೆಯಲ್ಲಿ ಕೂತು ಊದುವ ಶ್ರಮ ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಆ ಶ್ರಮದ ಬಹುಪಾಲು ಹೆಂಗಸರದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಹಂಡೆಗೂ ತಾರಸಿಯ ಮೇಲಿನ ಸೌರ ಜಲತಾಪಕಕ್ಕೂ ನಡುವೆ ಇರುವ ಅಂತರ ಒಮ್ಮೆಗೇ ಹೊಂದಿಸಬೇಕಾದ ಇಪ್ಪತ್ತು ಸಾವಿರ ರೂಪಾಯಿ ಆಸುಪಾಸಿನ ಮೊತ್ತ.

ಈ ಅಂತರವನ್ನು ದಾಟಿಸಲು ವ್ಯಾಪಾರಿಗಳೂ ಬ್ಯಾಂಕುಗಳೂ ಮುಂದಿಡುವ ಉತ್ತರ ಒಂದೇ: ತಿಂಗಳ ಕಂತು. ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದರ ಬದಲು ಈಗಲೇ ಹಾಕಿಸಿಕೊಂಡು ಆಮೇಲೆ ತೀರಿಸುವ ಈ ವ್ಯವಸ್ಥೆ ಮೈಸೂರು, ಬೆಂಗಳೂರಿನ ಸಂಬಳದಾರನಿಗೆ ಒಪ್ಪುವಷ್ಟು ಸಹಜವಾಗಿ ಅರಕೆರೆಯ ಬೆಳೆಗಾರನಿಗೆ ಏಕೆ ಒಪ್ಪುತ್ತಿಲ್ಲ ಎಂಬುದು ಪರಿಶೀಲಿಸಬೇಕಾದ ಪ್ರಶ್ನೆ.

ಮೊದಲು ಕಂತಿನ ಗಣಿತವನ್ನೇ ನೋಡೋಣ. ರೂ. 20,000 ಸಾಲಕ್ಕೆ ಶೇ. 12ರ ಬಡ್ಡಿಯಂತೆ ಮೂರು ವರ್ಷಗಳ ಅವಧಿಯಾದರೆ ತಿಂಗಳಿಗೆ ಸುಮಾರು ರೂ. 664 ಕಟ್ಟಬೇಕು; ಒಟ್ಟು ಬಡ್ಡಿ ರೂ. 3,900ರಷ್ಟಾಗುತ್ತದೆ. ಅದೇ ಶೇ. 12 ಎಂದು ಹೇಳಿ, ಅಸಲು ಕರಗುತ್ತಾ ಹೋದರೂ ಮೊದಲ ಮೊತ್ತದ ಮೇಲೆಯೇ ಬಡ್ಡಿ ಹಾಕುವ 'ಫ್ಲಾಟ್' ಲೆಕ್ಕವಾದರೆ ಬಡ್ಡಿ ರೂ. 7,200, ಕಂತು ರೂ. 756. ನಿಜವಾದ ಬಡ್ಡಿದರ ಆಗ ಶೇ. 21 ದಾಟುತ್ತದೆ. 'ಬಡ್ಡಿಯಿಲ್ಲದ ಕಂತು' ಎಂಬ ಜಾಹೀರಾತಂತೂ ಇನ್ನೊಂದು ಬಗೆಯದು. ಶೂನ್ಯ ಬಡ್ಡಿ ಎಂಬ ಕಲ್ಪನೆಗೆ ಅಸ್ತಿತ್ವವೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಒಂದೇ ಹಾಳೆಯಲ್ಲಿ ಗ್ರಾಹಕನಿಗೆ ತೋರಿಸಬೇಕೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆ ಅನ್ವಯವಾಗಿದೆ. ಆ ಹಾಳೆಯನ್ನು ಕೇಳಿ ಪಡೆಯುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಇದು ಕರ್ನಾಟಕಕ್ಕೆ ಹೊಸ ಪ್ರಯೋಗವೇನೂ ಅಲ್ಲ. ಸೌರ ಉಪಕರಣಗಳನ್ನು ಬಡವರಿಗೆ ಸಾಲದ ಮೂಲಕ ತಲುಪಿಸುವ ಕೆಲಸವನ್ನು 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸ್ಥಾಪಿಸಿದ ಸೆಲ್ಕೋ ಸಂಸ್ಥೆ ಈ ನಾಡಿನಲ್ಲಿಯೇ ರೂಪಿಸಿತು. 2003ರಿಂದ ಕೆಲವು ವರ್ಷ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಲ್ಲಿ ಕೆನರಾ ಬ್ಯಾಂಕ್ ಮತ್ತು ಅಂದಿನ ಸಿಂಡಿಕೇಟ್ ಬ್ಯಾಂಕ್ ಸೌರ ದೀಪಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟವು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹಂದೆಯವರು ಪದೇಪದೇ ನೆನೆಯುವ ಪ್ರಸಂಗವೊಂದಿದೆ. ತಿಂಗಳಿಗೆ 300 ರೂಪಾಯಿ ತನಗೆ ದುಬಾರಿ, ದಿನಕ್ಕೆ 10 ರೂಪಾಯಿಯಾದರೆ ಕೊಡಬಲ್ಲೆ ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದ ಮಾತದು. ಮೇಲ್ನೋಟಕ್ಕೆ ಎರಡೂ ಒಂದೇ ಮೊತ್ತ. ಆದರೆ ದಿನವೂ ಕೈಗೆ ಕಾಸು ಬಂದು ದಿನವೂ ಖರ್ಚಾಗುವವರ ಮನೆಯಲ್ಲಿ ತಿಂಗಳ ಕೊನೆಗೆ 300 ರೂಪಾಯಿ ಉಳಿದಿರುವುದಿಲ್ಲ. ಹಣ ಎಷ್ಟು ಎಂಬುದರಷ್ಟೇ ಹಣ ಯಾವಾಗ ಎಂಬುದೂ ಮುಖ್ಯ.

ಅರಕೆರೆಯ ಹಣದ ಪಂಚಾಂಗ ಬೇರೆಯೇ ಆಗಿದೆ. ಕಬ್ಬು ಹನ್ನೆರಡರಿಂದ ಹದಿನಾಲ್ಕು ತಿಂಗಳ ಬೆಳೆ. ಹಣ ಬರುವುದು ವರ್ಷಕ್ಕೊಮ್ಮೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕು, ತಡವಾದರೆ ಶೇ. 15ರ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯನ್ನು ಕೈಯಲ್ಲಿ ಎಣಿಸಿದ ರೈತ ಸಿಕ್ಕರೆ ಆತನನ್ನು ಸನ್ಮಾನಿಸಬೇಕು! ಮಂಡ್ಯದ ಮೈಷುಗರ್ ಹಲವು ಹಂಗಾಮುಗಳಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾದುದು, ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋದುದು ಜಿಲ್ಲೆಯ ಜನರಿಗೆ ಗೊತ್ತಿರುವ ಸಂಗತಿಗಳೇ. ಭತ್ತದ ಹಣ ಕೊಯ್ಲಿನ ನಂತರ ಬರುತ್ತದೆ, ಅದೂ ನಾಲೆಯಲ್ಲಿ ನೀರು ಬಿಟ್ಟ ವರ್ಷ. ನಿಯಮಿತವಾಗಿ ಬರುವುದು ಹಾಲಿನ ಹಣವೊಂದೇ. ಹಸು ಕಟ್ಟಿದ ಮನೆಗೆ ಡೇರಿಯಿಂದ ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಆಗುತ್ತದೆ.

ಹೀಗಿರುವಾಗ ಪ್ರತಿ ತಿಂಗಳ 5ನೇ ತಾರೀಖು ಖಾತೆಯಿಂದ ರೂ. 664 ತಾನಾಗಿ ಕಡಿತವಾಗಬೇಕೆಂಬ ಷರತ್ತು ಕಬ್ಬಿನ ಮನೆಗೆ ಹೊಂದುವುದಾದರೂ ಹೇಗೆ? ಎರಡು ತಿಂಗಳು ಖಾತೆ ಖಾಲಿಯಿದ್ದರೆ ದಂಡ, ಮೂರನೆಯ ತಿಂಗಳು ಸುಸ್ತಿದಾರನೆಂಬ ಹೆಸರು. ಆ ಹೆಸರು ಬಿದ್ದವನಿಗೆ ಮುಂದಿನ ಬೆಳೆ ಸಾಲಕ್ಕೂ ತೊಡಕು. ಇಪ್ಪತ್ತು ಸಾವಿರದ ಬಿಸಿನೀರಿಗಾಗಿ ಬೆಳೆ ಸಾಲವನ್ನು ಪಣಕ್ಕಿಡುವ ರೈತ ವಿವೇಕಿಯಲ್ಲ. ಮೇಲಾಗಿ 'ಕಂತು' ಎಂಬ ಪದಕ್ಕೇ ಹಳೆ ಮೈಸೂರು ಭಾಗದ ಹಳ್ಳಿಗಳಲ್ಲಿ ಈಗ ಕಹಿಯಿದೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ವರದಿಗಳು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಆದರೂ ಉಪಕರಣ ತನ್ನ ಕಂತನ್ನು ತಾನೇ ದುಡಿದುಕೊಡುವುದಾದರೆ ಈ ಅಡ್ಡಿಗಳನ್ನು ದಾಟಬಹುದಿತ್ತು. ಬಿಲ್ಲಿನಲ್ಲಿ ಉಳಿದ ಹಣವೇ ಕಂತು ತೀರಿಸುತ್ತದೆ ಎಂಬುದು ಮಾರಾಟಗಾರರ ಹಳೆಯ ವಾದ. ಲೆಕ್ಕ ಹಾಕಿ ನೋಡಿದರೆ, ನಾಲ್ಕು ಜನರ ಮನೆಗೆ ದಿನಕ್ಕೆ 80 ಲೀಟರ್ ನೀರನ್ನು ಸ್ನಾನದ ಹದಕ್ಕೆ ಕಾಯಿಸಲು ಒಂದೂಮುಕ್ಕಾಲು ಯೂನಿಟ್ ಬೇಕು, ಅಂದರೆ ತಿಂಗಳಿಗೆ 50 ಯೂನಿಟ್ ಆಸುಪಾಸು. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಉಳಿತಾಯ ತಿಂಗಳಿಗೆ ರೂ. 300, ಕಂತಿನ ಅರ್ಧಕ್ಕೂ ಸಾಲದು. ಹಂಡೆಯೊಲೆಯ ಮನೆಯಲ್ಲಿ ಅಷ್ಟೂ ಇಲ್ಲ, ಏಕೆಂದರೆ ಅಲ್ಲಿ ಉಳಿಯುವುದು ಸೌದೆ ಮತ್ತು ಶ್ರಮ, ಕಾಸಲ್ಲ. ಇಡೀ ಬೆಲೆ ಕೊಟ್ಟು ಕೊಂಡವನಿಗೆ ಐದಾರು ವರ್ಷಗಳಲ್ಲಿ ಹಣ ವಾಪಸಾಗಬಹುದು. ಮೂರು ವರ್ಷದ ಕಂತು ಕಟ್ಟುವವನಿಗೆ ಆ ಮೂರು ವರ್ಷವೂ ಜೇಬಿನಿಂದಲೇ ಹೋಗಬೇಕು.

ಈ ಉಳಿತಾಯದ ಲೆಕ್ಕವನ್ನು ಇನ್ನಷ್ಟು ತಿರುಗುಮುರುಗು ಮಾಡಿದ್ದು 2023ರ ಗೃಹಜ್ಯೋತಿ ಯೋಜನೆ. ಯೋಜನೆಯ ಜನಪ್ರಿಯತೆಯ ಬಗ್ಗೆಯಾಗಲಿ ಅದರಿಂದ ಬಡವರಿಗಾದ ನೆಮ್ಮದಿಯ ಬಗ್ಗೆಯಾಗಲಿ ಇಲ್ಲಿ ತಕರಾರಿಲ್ಲ. ಉಚಿತ ಯೂನಿಟ್‌ಗಳ ಅರ್ಹತೆಯನ್ನು ನಿಗದಿಪಡಿಸಿದ ಸೂತ್ರವನ್ನು ಮಾತ್ರ ಗಮನಿಸಬೇಕು. 200 ಯೂನಿಟ್‌ಗಳ ಮಿತಿಯೊಳಗೆ, 2022-23ರ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿದ್ದು ಆ ಮನೆಯ ಪಾಲು. ಹಿಂದಿನ ಬಳಕೆಯ ಲೆಕ್ಕವಿಲ್ಲದ ಮನೆಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇ. 10 ಸೇರಿಸಿ 58 ಯೂನಿಟ್ ಎಂದು ನಿಶ್ಚಯಿಸಲಾಯಿತು. ಅಂದರೆ ಮೈಸೂರಿನಲ್ಲಿ ವಿದ್ಯುತ್ ಗೀಸರ್ ಇಟ್ಟುಕೊಂಡು 150 ಯೂನಿಟ್ ಸುಡುತ್ತಿದ್ದ ಮನೆಗೆ 165 ಯೂನಿಟ್ ಉಚಿತ. ಅರಕೆರೆಯಲ್ಲಿ ಹಂಡೆಯೊಲೆಯಲ್ಲಿ ನೀರು ಕಾಯಿಸಿ 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಯೂನಿಟ್ ಮಾತ್ರ. ಈ ಮನೆ ಇಂದು ಗೀಸರ್ ಹಾಕಿಸಿಕೊಂಡರೆ ಬಳಕೆ 110ಕ್ಕೆ ಏರಿ, ಮಿಕ್ಕ 44 ಯೂನಿಟ್‌ಗೆ ಹಣ ತೆರಬೇಕು. ಗೀಸರ್ ಹಳೆಯದಾದಷ್ಟೂ ಬಿಸಿನೀರು ಉಚಿತ, ಹೊಸದಾದರೆ ದುಬಾರಿ!

ಸಾಲ ಮಾಡಿ ಸೌರ ಜಲತಾಪಕ ಹಾಕಿಸಿಕೊಂಡವರ ಪಾಡು ಇನ್ನೂ ವಿಚಿತ್ರ. ಅವರ ಬಳಕೆ ಕಡಿಮೆಯಿದ್ದುದರಿಂದ ಅವರ ಉಚಿತ ಪಾಲೂ ಕಡಿಮೆಯಾಯಿತು. ಸೌರ ಜಲತಾಪಕವಿರುವ ಮನೆಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಬಹುಕಾಲದಿಂದ ವಿದ್ಯುತ್ ದರಪಟ್ಟಿಯಲ್ಲಿತ್ತು. ಬಿಲ್ಲೇ ಶೂನ್ಯವಾದ ಮೇಲೆ ಆ ರಿಯಾಯಿತಿಯನ್ನು ಯಾವುದರಲ್ಲಿ ಕಳೆಯುವುದು? ನಗರಗಳಲ್ಲಿ ಹೊಸ ಮನೆಗಳಿಗೆ ಸೌರ ಜಲತಾಪಕ ಕಡ್ಡಾಯಗೊಳಿಸಿ 2007ರಲ್ಲಿ ದೇಶಕ್ಕೇ ದಾರಿ ತೋರಿದವರ ಸಾಲಿನಲ್ಲಿದ್ದ ರಾಜ್ಯವೊಂದು ಕಡ್ಡಾಯವನ್ನು ಪಾಲಿಸಿದವರಿಗೇ ಕಡಿಮೆ ಪಾಲು ಕೊಟ್ಟಂತಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೀಸರ್‌ನ 50 ಯೂನಿಟ್ ಉಚಿತ ಪಾಲಿನೊಳಗೆ ಬರುವ ಪ್ರತಿ ಮನೆಗಾಗಿ ಸರ್ಕಾರ ವಿದ್ಯುತ್ ಕಂಪನಿಗಳಿಗೆ ತಿಂಗಳಿಗೆ 300 ರೂಪಾಯಿಯಷ್ಟು ತುಂಬಿಕೊಡುತ್ತಿದೆ. ವರ್ಷಕ್ಕೆ ರೂ. 3,600, ಆರು ವರ್ಷಕ್ಕೆ ರೂ. 21,600. ಒಂದು ಸೌರ ಜಲತಾಪಕದ ಬೆಲೆ ಅಲ್ಲಿಗೆ ತೀರಿತು, ಆದರೆ ತಾರಸಿಯ ಮೇಲೆ ಏನೂ ಬಂದಿರುವುದಿಲ್ಲ. ನಗರದ ಬಚ್ಚಲಿನ ಕಂತನ್ನು ಸರ್ಕಾರವೇ ಕಟ್ಟುತ್ತಿದೆ, ಕೊನೆಯ ಕಂತು ಎಂಬುದೇ ಇಲ್ಲದೆ. ಅರಕೆರೆಯ ಹಂಡೆಯೊಲೆಯ ಮುಂದೆ ಕೂತವಳಿಗೆ ಈ ಕಂತಿನಲ್ಲಿ ಪಾಲಿಲ್ಲ.

ಕಂತನ್ನು ವಸೂಲು ಮಾಡುವ ಅತ್ಯುತ್ತಮ ದಾರಿಯೂ ಇದರ ನಡುವೆ ಮುಚ್ಚಿಹೋಗಿದೆ. 2004-05ರ ಹೊತ್ತಿಗೆ ಬೆಸ್ಕಾಂ ಸಿಎಫ್‌ಎಲ್ ದೀಪಗಳನ್ನು ಜನಪ್ರಿಯಗೊಳಿಸಲು ಹೊರಟಾಗ, ಬೆಲೆಯನ್ನು ವಿದ್ಯುತ್ ಬಿಲ್ಲಿನೊಂದಿಗೇ ಮಾಸಿಕ ಕಂತುಗಳಲ್ಲಿ ಕಟ್ಟುವ ಅವಕಾಶ ಕೊಟ್ಟಿತ್ತು. ಪ್ರತ್ಯೇಕ ಸಾಲಪತ್ರವಿಲ್ಲ, ಜಾಮೀನಿಲ್ಲ, ವಸೂಲಿಗಾರನಿಲ್ಲ. ಅರಕೆರೆಗೆ ವಿದ್ಯುತ್ ಒದಗಿಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಜಲತಾಪಕಕ್ಕೆ ಅದೇ ಮಾದರಿಯನ್ನು ಅನುಸರಿಸಬಹುದಿತ್ತು. ಶೂನ್ಯ ಬಿಲ್ಲಿನ ಕಾಲದಲ್ಲಿ ಅದರ ಮೇಲೆ ರೂ. 664 ಮುದ್ರಿಸಿ ಮನೆಗೆ ಕಳುಹಿಸುವ ಧೈರ್ಯ ಯಾವ ನಿಗಮಕ್ಕಿದೆ?

ಹಾಗಾದರೆ ಬಾಡಿಗೆ ಪದ್ಧತಿ ಬರಬಹುದೇ ಎಂಬ ಮಾತೂ ಕೇಳಿಬರುತ್ತದೆ. ಕೆನಡಾದ ಒಂಟಾರಿಯೊದಲ್ಲಿ, ಅಲ್ಲಿನ ಅನೇಕ ಕನ್ನಡ ಕುಟುಂಬಗಳ ಮನೆಗಳೂ ಸೇರಿದಂತೆ, ನೀರು ಕಾಯಿಸುವ ಯಂತ್ರ ಬಾಡಿಗೆಯದಾಗಿರುವುದು ಸಾಮಾನ್ಯ. ಕೆಟ್ಟರೆ ಕಂಪನಿಯೇ ಸರಿಪಡಿಸುತ್ತದೆ ಎಂಬುದು ಅದರ ನಿಜವಾದ ಅನುಕೂಲ. ಆದರೆ ಬಾಡಿಗೆಗೂ ಕೊನೆಯಿಲ್ಲ. ಮನೆ ಮಾರಲು ಹೋದಾಗ ಆಸ್ತಿಯ ಮೇಲೆ ಗುಟ್ಟಾಗಿ ನೋಂದಾಯಿಸಿದ ಹಕ್ಕಿನ ಟಿಪ್ಪಣಿಗಳು ಹೊರಬಿದ್ದು ಜನ ಸುಲಿಗೆಗೊಳಗಾದ ಕಾರಣ, 2024ರಲ್ಲಿ ಆ ಪ್ರಾಂತ್ಯ ಗೃಹೋಪಕರಣಗಳಿಗೆ ಸಂಬಂಧಿಸಿ ಅಂಥ ನೋಂದಣಿಯನ್ನೇ ನಿಷೇಧಿಸಿತು. ನಮ್ಮಲ್ಲಿರುವುದು ಸಾಲ, ಬಾಡಿಗೆಯಲ್ಲ. ಆದ್ದರಿಂದ ಕೊಳವೆಬಾವಿಯ ಗಡಸು ನೀರಿಗೆ ಕೊಳವೆಗಳಲ್ಲಿ ಸುಣ್ಣ ಕಟ್ಟಿದರೂ, ಕೋತಿ ಹಾರಿ ಗಾಜು ಒಡೆದರೂ ಕಂತು ನಿಲ್ಲುವುದಿಲ್ಲ. ತಣ್ಣೀರು ಮಿಂದು ಬಿಸಿನೀರಿನ ಕಂತು ಕಟ್ಟಬೇಕು.

ಕೇಂದ್ರದ ಕಡೆಯಿಂದಲೂ ನೆರವು ತೆಳುವಾಗಿದೆ. ಸೌರ ಜಲತಾಪಕಗಳಿಗೆ ಕೇಂದ್ರ ಕೊಡುತ್ತಿದ್ದ ಸಹಾಯಧನ 2014ರಲ್ಲಿ ನಿಂತಿತು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ರೂ. 78,000ವರೆಗೆ ಸಹಾಯಧನ ಕೊಡುತ್ತದೆಯಾದರೂ ಅದು ತಾರಸಿಯ ಮೇಲೆ ವಿದ್ಯುತ್ ತಯಾರಿಸುವ ಫಲಕಗಳಿಗೆ. ನೀರು ಕಾಯಿಸುವ ಯಂತ್ರ ಅದರೊಳಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಲತಾಪಕದ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದೊಂದೇ ಸಮಾಧಾನ.

ಇಷ್ಟಾದರೂ ಅರಕೆರೆಗೆ ಹೊಂದುವ ಕಂತನ್ನು ರೂಪಿಸುವುದು ಅಸಾಧ್ಯವೇನಲ್ಲ, ಅದರ ಬೇರುಗಳು ಊರಿನಲ್ಲಿಯೇ ಇವೆ. ಹಾಲು ಉತ್ಪಾದಕರ ಸಂಘಗಳು ಪಶು ಆಹಾರದ ಬಾಕಿಯನ್ನು ಹಾಲಿನ ಬಟವಾಡೆಯಲ್ಲಿ ಹಿಡಿದುಕೊಳ್ಳುವುದು ಹಳೆಯ ಪದ್ಧತಿ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ವಾರಕ್ಕೆ 150 ರೂಪಾಯಿ ಹಿಡಿದರೆ ಭಾರವೆನಿಸದು. ಹಸು ಬತ್ತಿದ ತಿಂಗಳು ಕಂತೂ ಬತ್ತಬೇಕು ಎಂಬ ಷರತ್ತು ಮಾತ್ರ ಬರಹದಲ್ಲಿರಬೇಕು. ಹಸುವಿಲ್ಲದ ಕಬ್ಬಿನ ಮನೆಗೆ ವರ್ಷಕ್ಕೆ ಒಂದೋ ಎರಡೋ ದೊಡ್ಡ ಕಂತು, ಅದೂ ಕಾರ್ಖಾನೆ ಹಣ ಕೊಟ್ಟ ಮೇಲೆ ಎಂದಾಗಬೇಕು. ಬೆಳೆ ಸಾಲಕ್ಕೆ ಹಂಗಾಮಿನ ಗಡುವು ಒಪ್ಪುವ ಬ್ಯಾಂಕು ಬಚ್ಚಲಿನ ಸಾಲಕ್ಕೆ ಒಪ್ಪದಿರಲು ತಾಂತ್ರಿಕ ಕಾರಣವಿಲ್ಲ. ಆದರೆ ಇದಕ್ಕೆ ಊರು ಬಲ್ಲ ಬ್ಯಾಂಕು ಬೇಕು. ಈ ಭಾಗದ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ವಿಲೀನವಾಗಿ, ಈಗ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್, ಅದರ ಕೇಂದ್ರ ಕಚೇರಿ ಬಳ್ಳಾರಿಯಲ್ಲಿ. ಅರಕೆರೆಯಲ್ಲಿ ಕಬ್ಬು ಯಾವಾಗ ಕಡಿಯುತ್ತಾರೆ, ಹಸು ಯಾವಾಗ ಬತ್ತುತ್ತದೆ ಎಂಬುದು ಅಲ್ಲಿನ ಗಣಕಯಂತ್ರಕ್ಕೆ ತಿಳಿಯುವಂತೆ ಸಾಲದ ನಮೂನೆಯಲ್ಲಿ ಎರಡು ಅಂಕಣ ಸೇರಿಸುವ ಕೆಲಸ ಬಾಕಿಯಿದೆ.