ಗೆರೆಯ ಆಚೆಯೇ ನಿಂತ ಸರ್ಕಾರ

2019ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿಯಲ್ಲಿ ಕಾಡುಗೊಲ್ಲರು ವಾಸಿಸುವ ಗೊಲ್ಲರಹಟ್ಟಿಗೆ ಹೋದ ಚಿತ್ರದುರ್ಗದ ಅಂದಿನ ಸಂಸದ ಎ. ನಾರಾಯಣಸ್ವಾಮಿ ಅವರನ್ನು ದಲಿತರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಹಟ್ಟಿಯ ಹೊರಗೆ ಕುರ್ಚಿ ಹಾಕಿ ಕೂರಿಸಿದರು. ಜನ ಆರಿಸಿ ಕಳಿಸಿದ ಪ್ರತಿನಿಧಿ ಅಲ್ಲಿಂದಲೇ ಹಿಂತಿರುಗಿದರು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ತಾಯಿಯೊಂದಿಗೆ ಊರಾಚೆಯ ಗುಡಿಸಲು ಸೇರಿದ್ದ ಹಸುಗೂಸು ಮಳೆ, ಚಳಿಗೆ ಸಿಕ್ಕಿ ಸತ್ತಿತು.

ಸಂಸದರನ್ನು ತಡೆದ ಗೆರೆಯೂ ಬಾಣಂತಿಯನ್ನು ಹೊರಗಟ್ಟಿದ ಗೆರೆಯೂ ಒಂದೇ. ಅದು ಮೈಲಿಗೆಯ ಗೆರೆ. ಸರ್ಕಾರಕ್ಕೆ ಮಾತ್ರ ಒಂದು ಸಮಾಜ ಕಲ್ಯಾಣ ಇಲಾಖೆಯ ಕಡತ, ಇನ್ನೊಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಡತ. ಎರಡನ್ನೂ ಒಟ್ಟಿಗೆ ಹಿಡಿದು ಹಟ್ಟಿಯ ಹಿರಿಯರ ಎದುರು ಕೂತು ಮಾತಾಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ಮಾತಿನ ಬದಲಿಗೆ ಬಂದದ್ದು ಸಿಮೆಂಟು. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಟ್ಟಿಗಳ ಅಂಚಿನಲ್ಲಿ ಮುಟ್ಟಾದವರು, ಬಾಣಂತಿಯರು ಹೊರಗುಳಿಯಲೆಂದು ಸರ್ಕಾರಿ ಹಣದಲ್ಲಿ ‘ಕೃಷ್ಣಕುಟೀರ’ಗಳು ಎದ್ದವು. ಸೋರುವ ಗುಡಿಸಲಿಗಿಂತ ಗಟ್ಟಿ ಗೋಡೆ ಲೇಸು ಎಂಬ ಕನಿಕರ ಅದರ ಹಿಂದಿರಬಹುದು. ಆದರೆ ಗಾಳಿಗೆ ಹಾರಿಹೋಗಬಹುದಾಗಿದ್ದ ಪದ್ಧತಿಗೆ ಅಡಿಪಾಯ ಹಾಕಿಕೊಟ್ಟಂತಾಯಿತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಪ್ರತ್ಯೇಕವಾಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಅಪರಾಧವೆಂದು ಬರೆದ ಕೈಯೇ ಅದಕ್ಕೆ ಸೂರು ಕಟ್ಟುವುದು ಅಕ್ಷಮ್ಯ.

ಇನ್ನೊಂದು ಉಡುಗೊರೆ ಕಾಡುಗೊಲ್ಲ ಅಭಿವೃದ್ಧಿ ನಿಗಮ. ಅದರ ಘೋಷಣೆ ಆದದ್ದು 2020ರಲ್ಲಿ, ಶಿರಾ ಉಪಚುನಾವಣೆಯ ಹೊಸ್ತಿಲಲ್ಲಿ. ಮತದ ಹೊತ್ತಿಗೆ ನೆನಪಾಗುವ ಸಮುದಾಯ, ಮಗು ಸತ್ತಾಗ ಬೈಸಿಕೊಳ್ಳುವ ಸಮುದಾಯ: ಈ ಎರಡರ ನಡುವೆ ಕಾಡುಗೊಲ್ಲರನ್ನು ಮನುಷ್ಯರಾಗಿ ಕಂಡ ದಿನಗಳೆಷ್ಟು?

ಅವರನ್ನು ಬರೀ ಮೌಢ್ಯದ ಮೂಟೆಯಾಗಿ ನೋಡುವುದೂ ಅಷ್ಟೇ ದೊಡ್ಡ ತಪ್ಪು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವರ ಆರಾಧ್ಯ ದೈವ ಜುಂಜಪ್ಪನ ಗುಡ್ಡೆ ಅವರ ನೆನಪಿನ ನೆಲೆ. ಮಾರುದ್ದದ ಬಿದಿರಿನ ಗಣೆಗೆ ಉಸಿರು ತುಂಬಿ ಜುಂಜಪ್ಪನ ಕಥೆ ಹಾಡುವವರು ಕನ್ನಡದ ಮೌಖಿಕ ಕಾವ್ಯವನ್ನು ಇಷ್ಟು ಕಾಲ ಕಾಪಾಡಿದ್ದಾರೆ. ಗಣೆಗಾರನನ್ನು ಉತ್ಸವದ ವೇದಿಕೆಗೆ ಕರೆದು ಶಾಲು ಹೊದಿಸಿ ಕಳಿಸುವವರು, ಅದೇ ಗಣೆಗಾರನ ಮನೆಯ ಬಾಣಂತಿ ಎಲ್ಲಿ ಮಲಗಿದ್ದಾಳೆಂದು ಕೇಳುವುದಿಲ್ಲ. ಸಂಸ್ಕೃತಿಯನ್ನು ಗೌರವಿಸುವವರಿಗೆ ಆ ಪ್ರಶ್ನೆ ಕೇಳುವ ಹಕ್ಕೂ ಇದೆ, ಹೊಣೆಯೂ ಇದೆ.

ಕೂಡಿ ಬಾಳುವುದು ಈ ಸೀಮೆಗೆ ಹೊಸ ಪಾಠವಲ್ಲ. ಪಾವಗಡದ ಸೋಲಾರ್ ಪಾರ್ಕಿಗೆ ಭೂಮಿ ಕೊಟ್ಟ ಊರುಗಳ ಹೆಸರು ನೋಡಿ: ಬಳಸಮುದ್ರದ ಜೊತೆಗೇ ರಾಯಚೆರ್ಲು. ಒಂದು ಹೆಸರು ಕನ್ನಡದ ಕಿವಿಗೆ ಹತ್ತಿರ, ಇನ್ನೊಂದು ತೆಲುಗಿನ ಕಿವಿಗೆ. ಶಿರಾದಲ್ಲಿ ಮಲಿಕ್ ರೆಹಾನ್ ದರ್ಗಾ ಇದೆ. ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿಕೊಂಡು ಬಂದಿವೆ. ಭಾಷೆಗಳು ದಾಟಿದ ಗೆರೆಯನ್ನು ಜಾತಿ ದಾಟಿಲ್ಲ. ಸರ್ಕಾರ ದುಡಿಯಬೇಕಾದದ್ದು ಅಲ್ಲಿ.

ಇನ್ನು ಮುಂದೆ ಒಂದೂ ಕುಟೀರ ಕಟ್ಟಕೂಡದು. ಇರುವವನ್ನು ಅಂಗನವಾಡಿ, ವಾಚನಾಲಯ ಮಾಡಿ ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಟ್ಟಿಗಳ ಹೆಣ್ಣುಮಕ್ಕಳಿಗೇ ನರ್ಸಿಂಗ್, ಶಿಕ್ಷಕ ತರಬೇತಿ ಕೊಟ್ಟು ಅಲ್ಲೇ ಕೆಲಸ ಕೊಡಬೇಕು. ಪೂಜಾರಿ, ಹಿರಿಯರು, ಪಕ್ಕದ ದಲಿತ ಕೇರಿಯವರು, ವೈದ್ಯರು ಒಂದೇ ಚಾಪೆಯ ಮೇಲೆ ಕೂರುವ ಸಭೆಯನ್ನು ತಹಶೀಲ್ದಾರರು ತಿಂಗಳಿಗೊಮ್ಮೆ ನಡೆಸಬೇಕು. ಮಾತಿಗೆ ಬಗ್ಗದಿದ್ದಲ್ಲಿ ಕಾಯ್ದೆ ಮುಲಾಜಿಲ್ಲದೆ ನಡೆಯಬೇಕು.

ಆ ಸಭೆಯಲ್ಲಿ ಮೊದಲ ಮಾತು ಹಟ್ಟಿಯ ತಾಯಂದಿರದಾಗಲಿ. ಗೆರೆಯ ಆಚೆ ಕೂತವರ ಸಂಕಟವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.