ಟ್ರಾಲಿಗೆ 67 ರೂಪಾಯಿ!

ಹೊಳೆ ಬಂತು, ಹೋಯಿತು. ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬಂದರು, ಅವರೂ ಹೋದರು. ಹೋಗದೆ ಉಳಿದದ್ದು ಹೊಲದಲ್ಲಿ ಕೂತ ಉಸುಕು.

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ, ಮುಧೋಳವನ್ನೂ ಮಲಪ್ರಭೆ ರಾಮದುರ್ಗ, ಬಾದಾಮಿ ಸೀಮೆಯನ್ನೂ ನುಗ್ಗಿ ಮುಳುಗಿಸಿದವು. ಅಂದಿನಿಂದ ಬೆಳೆ ಪರಿಹಾರ ಎಷ್ಟು ಅಂತ ಕೇಳದವರಿಲ್ಲ. ಹೊಲವೇ ಕೆಟ್ಟರೆ ಎಷ್ಟು ಅಂತ ಕೇಳುವವರು ಮಾತ್ರ ಕಮ್ಮಿ.

ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ 2022-23ರಿಂದ 2025-26ರ ಅವಧಿಗೆ ಹಾಕಿಕೊಟ್ಟ ದರಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಇದೆ. ಮೂರು ಇಂಚಿಗಿಂತ ಹೆಚ್ಚು ಹೂಳೋ ಉಸುಕೋ ನಿಂತಿದ್ದರೆ ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ. ಮುಂಚೆ 12,200 ಇತ್ತು. ಏರಿತಲ್ಲ ಅಂತ ಖುಷಿಪಡುವ ಮೊದಲು ಒಂದು ಲೆಕ್ಕ ಹಾಕೋಣ.

ಎಕರೆಗೆ ಬೀಳುವುದು ಸುಮಾರು 7,280. ಎಕರೆ ಅಂದರೆ 43,560 ಚದರಡಿ. ಅದರ ಮೇಲೆ ಬರೀ ಮೂರು ಇಂಚು ಉಸುಕು ಕೂತರೂ 10,890 ಘನ ಅಡಿ. ನೂರು ಘನ ಅಡಿಗೆ ಒಂದು ಬ್ರಾಸ್, ಒಂದು ಬ್ರಾಸಿಗೆ ಒಂದು ಟ್ರಾಲಿ ಅಂತ ಹಿಡಿದರೆ 109 ಟ್ರಾಲಿ. ಟ್ರಾಲಿಗೆ ಬಂದದ್ದು 67 ರೂಪಾಯಿ. ಅದರಲ್ಲೇ ಜೆಸಿಬಿಯವನಿಗೆ ಕೊಡಬೇಕು, ಟ್ರ್ಯಾಕ್ಟರಿನವನಿಗೆ ಕೊಡಬೇಕು. ಇವತ್ತಿನ ದರಕ್ಕೆ ಒಂದು ಲೀಟರ್ ಡೀಸೆಲ್ಲೂ ಬರೋದಿಲ್ಲ ಸ್ವಾಮಿ! ಉಸುಕು ಮೊಣಕಾಲಮಟ ನಿಂತರೂ ದರ ಅದೇ.

ಹೊಳೆ ದಿಕ್ಕು ಬದಲಿಸಿ ಹೊಲವನ್ನೇ ಕೊರೆದುಕೊಂಡು ಹೋದರೆ ಹೆಕ್ಟೇರಿಗೆ 47,000. ಎಕರೆಗೆ ಹತ್ತೊಂಬತ್ತು ಸಾವಿರ. ಮತ್ತೆ ಎಂದೂ ಬಿತ್ತಲಾಗದ ಭೂಮಿಗೆ! ಈ ಎರಡೂ ಸಣ್ಣ, ಅತಿ ಸಣ್ಣ ರೈತರಿಗೆ ಮಾತ್ರ. ಎರಡು ಹೆಕ್ಟೇರು ದಾಟಿದವನ ಹೊಲದ ಉಸುಕು ಸರ್ಕಾರದ ಕಣ್ಣಿಗೆ ಉಸುಕೇ ಅಲ್ಲ. ಕೊರೆದ ಹೊಲಕ್ಕಂತೂ ಉತಾರದಲ್ಲಿ ಹೆಸರಿರಲೇಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಉತಾರಗಳ ಸಂಗತಿ ತಲಾಠಿಗಳಿಗೆ ಗೊತ್ತಿಲ್ಲವೇ? ಪಾಲಿಗೆ ಮಾಡುವವನ ಮಾತು ಎತ್ತಲೇಬೇಡಿ.

ಬೇರೆ ಕಡೆ ಹೇಗಿದೆ? ಅಮೆರಿಕದಲ್ಲಿ 1978ರ ಕಾನೂನಿನಡಿ ಇದಕ್ಕೆಂದೇ ತುರ್ತು ಭೂಸಂರಕ್ಷಣೆ ಯೋಜನೆ ಇದೆ. ನೆರೆ, ಬಿರುಗಾಳಿಗೆ ಹೊಲ ಕೆಟ್ಟರೆ ಸರಿಪಡಿಸುವ ಖರ್ಚಿನಲ್ಲಿ ನೂರಕ್ಕೆ 75ರ ತನಕ ಸರ್ಕಾರದ್ದು, ಬಡ ರೈತನಿಗೆ 90ರ ತನಕ. ಹಣ ತಡವಾಗುತ್ತದೆಂಬ ದೂರು ಅಲ್ಲೂ ಇದೆ ಅನ್ನಿ. ಆದರೆ ಅಲ್ಲಿ ಲೆಕ್ಕ ಹಿಡಿಯುವುದು ಖರ್ಚಿನ ಮೇಲೆ, ನಮ್ಮಲ್ಲಿ ಹೆಕ್ಟೇರಿನ ಮೇಲೆ.

2025ರ ಸೆಪ್ಟೆಂಬರಿನಲ್ಲಿ ಭೀಮಾ ತೀರ ಮುಳುಗಿದಾಗ ರಾಜ್ಯ ಸರ್ಕಾರ ಕೇಂದ್ರದ ದರದ ಮೇಲೆ ಹೆಕ್ಟೇರಿಗೆ 8,500 ಹೆಚ್ಚಿಗೆ ಘೋಷಿಸಿತು. ಒಳ್ಳೆಯದೇ. ಆದರೆ ಅದು ಬೆಳೆಗೆ. ಉಸುಕು ತೆಗೆಯದ ಹೊಲದಲ್ಲಿ ಮುಂದಿನ ಬೆಳೆ ಎಲ್ಲಿಂದ ಬರಬೇಕು?

ಜಿಲ್ಲಾಧಿಕಾರಿಗಳು ಬೆಳೆ ಹಾನಿ ಪಂಚನಾಮೆಯ ಜೊತೆಗೇ ಉಸುಕಿನ ಪಟ್ಟಿಯನ್ನೂ ಮಾಡಿಸಲಿ: ಯಾವ ಸರ್ವೆ ನಂಬರು, ಎಷ್ಟು ಇಂಚು, ಎಷ್ಟು ಟ್ರಾಲಿ. ಆ ಪಟ್ಟಿ ಹಿಡಿದು ಬೆಂಗಳೂರಿಗೂ ದಿಲ್ಲಿಗೂ ಹೋಗುವುದು ನಮ್ಮ ಶಾಸಕರ, ಸಂಸದರ ಕೆಲಸ.

ಇನ್ನೊಂದು ಮಾತು. ಆ ಉಸುಕು ಮಾರಿಯಾದರೂ ಖರ್ಚು ತೆಗೆಯೋಣ ಅಂದರೆ, ಸ್ವಂತ ಪಟ್ಟಾ ಹೊಲದ್ದಾದರೂ ಗಣಿ ಇಲಾಖೆಯ ಪರವಾನಗಿ ಬೇಕು. ನೆರೆ ಇಳಿದ ತಿಂಗಳೊಳಗೆ ಅದು ತಹಸೀಲ್ದಾರ ಕಚೇರಿಯಲ್ಲೇ ಸಿಗುವಂತೆ ಮಾಡಲು ಇನ್ನು ಯಾರ ಅಪ್ಪಣೆ ಆಗಬೇಕು?